ಗುರುತು ಹಿಡಿಯಲು ಬಂದ ಗಂಡ

ಮೊನ್ನೆ ಹುಣಸೂರಿನಲ್ಲಿ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬಳು ಹುಡುಗಿ ಬಂದು ಮಾತಾಡಿಸಿದಳು. ಹೊಸದಾಗಿ ಆದೇಶ ಜಾರಿಕಾರಳಾಗಿ ಕೆಲಸಕ್ಕೆ ಸೇರಿದ್ದಾಳಂತೆ. ಇದೇ ಕೆಲಸ ಮಾಡಿ ನಿವೃತ್ತನಾದ ಮುದುಕ ಅಲ್ಲಿ ಕೂತಿದ್ದಾನೆ ಅಂತ ಯಾರೋ ನನ್ನ ಕಡೆ ಕೈ ತೋರಿಸಿರಬೇಕು. "ಸರ್, ಡಿಗ್ರಿ ಮಾಡ್ಕೊಂಡು ಬಂದೆ. ಮನೆಮನೆಗೆ ಹೋಗಿ ಸಮನ್ಸ್ ಕೊಡೋದೇ ಕೆಲಸ. ನಮ್ಮನ್ನ ಕಂಡ್ರೆ ಜನ ಬಾಗಿಲು ಹಾಕ್ಕೋತಾರೆ. ನಿಮಗೆ ಬೇಜಾರಾಗ್ತಿರಲಿಲ್ವಾ ಸರ್?" ಎಂದು ಕೇಳಿದಳು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಆಗುತ್ತಿತ್ತಮ್ಮಾ, ಆದರೆ ಪೂರ್ತಿ ಬೇಜಾರೇ ಆಗಿದ್ದರೆ ಇಷ್ಟು ವರ್ಷ ಮಾಡುತ್ತಿರಲಿಲ್ಲ ಎಂದಷ್ಟೇ ಹೇಳಿ ಹತ್ತಿಬಿಟ್ಟೆ. ಮನೆಗೆ ಬಂದ ಮೇಲೆ ಆ ಉತ್ತರ ಸಾಲದು ಅನ್ನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಯಾರ ಮೇಲಾದರೂ ಕೇಸು ಬಿದ್ದರೆ, ನಿನ್ನ ಮೇಲೆ ಹೀಗೊಂದು ದಾವೆ ಇದೆ, ಇಂಥ ದಿನ ಬಂದು ಉತ್ತರ ಹೇಳು ಅನ್ನುವ ಕಾಗದ ಹೊರಡುತ್ತದೆ. ಅದೇ ಸಮನ್ಸ್. ಅದನ್ನು ಆ ಮನುಷ್ಯನ ಕೈಗೇ ಕೊಟ್ಟು, ರುಜು ಹಾಕಿಸಿಕೊಂಡು ಬರುವವರು ನಾವು. ಸರ್ಕಾರದ ಲೆಕ್ಕದಲ್ಲಿ ಆದೇಶ ಜಾರಿಕಾರ, ಹಳ್ಳಿಯವರ ಬಾಯಲ್ಲಿ ಇವತ್ತಿಗೂ ಅಮೀನ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಂತ ಎಲ್ಲ ಕಡೆ ವರ್ಗವಾಗಿ ಸುತ್ತಿದ್ದೇನೆ. ನಾನು ಊರೊಳಗೆ ಕಾಲಿಟ್ಟೆನೆಂದರೆ ಅರಳಿಕಟ್ಟೆಯಲ್ಲಿ ಕೂತವರ ಮಾತು ನಿಂತುಹೋಗುತ್ತಿತ್ತು. ಯಾರ ಮನೆಗೆ ಬಂದ ಇವನು ಅಂತ ಎಲ್ಲರೂ ನನ್ನ ಚಪ್ಪಲಿ ಹೋಗುವ ದಿಕ್ಕನ್ನೇ ನೋಡುತ್ತಿದ್ದರು.

ಸೇರಿದ ಹೊಸತರಲ್ಲಿ ನಮ್ಮ ಮೇಲಿನವರು ನಾಜರ್ ಪುಟ್ಟಸ್ವಾಮಯ್ಯನವರು. ಕೋರ್ಟಿನಿಂದ ಹೊರಡುವ ಕಾಗದಗಳನ್ನೆಲ್ಲ ನಮಗೆ ಹಂಚುವುದು, ಜಾರಿಯಾಗದೆ ವಾಪಸ್ಸು ಬಂದರೆ ಬೈಯುವುದು ಅವರ ಕೆಲಸ. ಮನುಷ್ಯ ಒರಟು, ಮನಸ್ಸು ಮೆತ್ತಗೆ. ಮೊದಲ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ನೋಡಯ್ಯಾ, ಕಾಗದ ಕೊಡು, ಕತೆ ಕೇಳಬೇಡ. ನೀರು ಕೊಟ್ರೆ ಕುಡಿ, ಬೇಡ ಅನ್ನಬೇಡ. ನೀರಿನ ಮೇಲೆ ಏನು ಕೊಟ್ರೂ ಮುಟ್ಟಬೇಡ. ಇವತ್ತು ಅವರ ಮನೆ ಕಾಫಿ ಕುಡಿದ್ರೆ ನಾಳೆ ಎದುರು ಪಾರ್ಟಿ ಅರ್ಜಿ ಬರೀತಾನೆ" ಎಂದರು. ಆ ಮಾತನ್ನು ಬಹುಕಾಲ ಪಾಲಿಸಿದೆ. ಬಿಸಿಲಲ್ಲಿ ಬೆವರು ಸುರಿಸಿಕೊಂಡು ಹೋದಾಗ ಒಳಗಿನಿಂದ ಹುರುಳಿಕಾಳು ಬಸ್ಸಾರಿನ ವಾಸನೆ ಬಂದರೂ ಜಗುಲಿಯ ಮೇಲೆ ಬರೀ ನೀರು ಕುಡಿದು ಎದ್ದು ಬಂದಿದ್ದೇನೆ.

ತಪ್ಪು ಮಾಡದೆ ಯಾರೂ ಈ ಕೆಲಸ ಕಲಿತಿಲ್ಲ. ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ನಿಂಗೇಗೌಡರಿಗೆ ಸಮನ್ಸ್ ಕೊಡಬೇಕಿತ್ತು. ತಂಬಾಕು ಬೇಯಿಸುವ ಬ್ಯಾರನ್ ಮುಂದೆ ನಿಂತಿದ್ದವರನ್ನು, "ನಿಂಗೇಗೌಡ್ರ ಮನೆ ಯಾವುದು?" ಅಂದೆ. "ನಾನೇ ಕಣ್ರೀ" ಅಂದರು. ತಂದೆ ಹೆಸರೂ ಸರಿಹೋಯಿತು. ಕೊಟ್ಟೆ, ಸಂತೋಷವಾಗಿ ರುಜು ಹಾಕಿದರು. ಕೇಸಿನ ದಿನ ಇಸ್ತ್ರಿ ಪಂಚೆ ಉಟ್ಟು, ನೆಂಟರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದರು. ಹೆಸರು ಕೂಗಿದಾಗ ಕೈಮುಗಿದು ನಿಂತರು. ದಾವೆ ಹಾಕಿದ ಮನುಷ್ಯ ಎದ್ದು, "ಸ್ವಾಮಿ, ಇವ್ರು ನಮ್ ನಿಂಗೇಗೌಡ್ರಲ್ಲ" ಅಂದ. ಆ ಊರಲ್ಲಿ ಅದೇ ಹೆಸರು, ಅದೇ ತಂದೆ ಹೆಸರಿನವರು ಇನ್ನೊಬ್ಬರಿದ್ದರು. ಜಡ್ಜ್ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಪಾಪ ಆ ಗೌಡರು, "ಅಂಗಾರೆ ನನ್ ಮ್ಯಾಲೆ ಏನೂ ಇಲ್ವಾ? ನೆಂಟ್ರುಗೆಲ್ಲ ಏನ್ ಏಳ್ಳಿ?" ಅಂತ ಒಂಥರಾ ನಿರಾಸೆಯಿಂದಲೇ ಹೊರಗೆ ಹೋದರು. ಅವತ್ತಿನಿಂದ ನಾನು ಹೆಸರಿನ ಜೊತೆಗೆ ಮನೆತನ ಕೇಳುವುದನ್ನು ಕಲಿತೆ, ಪಕ್ಕದ ಮನೆಯವರನ್ನೂ ವಿಚಾರಿಸುವುದನ್ನು ಕಲಿತೆ.

ತಪ್ಪಿಸಿಕೊಳ್ಳುವವರದ್ದೇ ಇನ್ನೊಂದು ಪುರಾಣ. ಗುರುಪುರದ ಕಡೆ ಒಬ್ಬಾತ ನನ್ನ ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ಮನೆ ಹಿಂದಿನ ಮುಸುಕಿನ ಜೋಳದ ಹೊಲಕ್ಕೆ ನುಗ್ಗಿಬಿಡುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತು, "ಅವ್ರು ಮೈಸೂರ್ಗೆ ಓಗವ್ರೆ, ಯಾವಾಗ ಬತ್ತಾರೋ ಕಾಣೆ" ಅನ್ನುತ್ತಿದ್ದಳು. ಹಳ್ಳಿಗಳಿಗೆ ಆಗ ತಾನೇ ಮೊಬೈಲು ಬಂದಿತ್ತು. ಅವನ ನಂಬರು ಇಸಿದುಕೊಂಡು ಅಲ್ಲೇ ನಿಂತು ಫೋನ್ ಮಾಡಿದೆ. ಜೋಳದ ಹೊಲದೊಳಗೆ ದೇವರನಾಮ ಶುರುವಾಯಿತು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಒಳಗೆ ಹೋದಳು. ಅವನು ತಲೆಗೆ ಅಂಟಿದ್ದ ಜೋಳದ ಸೂಲಂಗಿ ಕೊಡವಿಕೊಳ್ಳುತ್ತಾ ಬಂದು, "ಕೊಡಿ ಅತ್ಲಾಗೆ" ಅಂತ ರುಜು ಹಾಕಿದ.

ನಾನು ಸೇರಿದಾಗ ಚೀಲದಲ್ಲಿ ಇರುತ್ತಿದ್ದುದು ಬಹುಪಾಲು ಬದು, ಬಾವಿ, ಭಾಗದ ಜಗಳಗಳು. ಬರಬರುತ್ತಾ ಗಂಡ ಹೆಂಡಿರ ಕಾಗದಗಳು ಹೆಚ್ಚಾದವು. ಕಾಲ ಕೆಟ್ಟುಹೋಯಿತು, ಹೆಣ್ಣುಮಕ್ಕಳಿಗೆ ತಾಳ್ಮೆ ಇಲ್ಲ ಅಂತ ನನ್ನ ಜೊತೆಯವರು ಹೇಳುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಸೋದರತ್ತೆಯೊಬ್ಬಳು ಇಡೀ ಜನ್ಮ ಗಂಡನ ಹೊಡೆತ ತಿಂದು ಹಿತ್ತಲಲ್ಲಿ ಕೂತು ಅಳುತ್ತಿದ್ದಳು. ಅವಳ ಕಾಲದಲ್ಲಿ ಕೋರ್ಟಿಗೆ ಕಾಗದ ಬರಲಿಲ್ಲ ಅಂದಮಾತ್ರಕ್ಕೆ ಸಂಸಾರ ಚೆನ್ನಾಗಿತ್ತು ಅಂತ ಯಾರು ಹೇಳಿದರು? ಕೇಳುವವರಿರಲಿಲ್ಲ, ಅಷ್ಟೆ. ಈಗ ಜನ ಬಾಯಿಬಿಟ್ಟು ಹೇಳುತ್ತಾರೆ. ಹಾಗೆ ಹೇಳಿಕೊಂಡ ಮನೆಗಳಲ್ಲಿ ಕೆಲವು ಉಳಿದದ್ದನ್ನೂ ಕಂಡಿದ್ದೇನೆ. ಅಂಥದ್ದೊಂದನ್ನು ಹೇಳಲೇಬೇಕು.

ನಿವೃತ್ತಿಗೆ ಸ್ವಲ್ಪ ಮುಂಚೆ ನಾನು ಕೆ.ಆರ್. ನಗರದಲ್ಲಿದ್ದೆ. ಬೇರೆ ತಾಲ್ಲೂಕಿನ ಕೋರ್ಟಿನಿಂದ ವಿಚ್ಛೇದನದ ಸಮನ್ಸೊಂದು ಜಾರಿಗಾಗಿ ನಮ್ಮಲ್ಲಿಗೆ ಬಂತು. ಹಾಕಿದವನು ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನ ಮಹದೇವಸ್ವಾಮಿ. ಹೆಂಡತಿ ಸವಿತಾ ಸಾಲಿಗ್ರಾಮದ ತವರುಮನೆಯಲ್ಲಿದ್ದಳು. ನಾನು ಎರಡು ಸಲ ಹೋದೆ. ಎರಡು ಸಲವೂ ಅವಳ ತಾಯಿ ಗೌರಮ್ಮ ಬಾಗಿಲಿಗೆ ಅಡ್ಡ ನಿಂತು, "ಮಗಳು ಮನೇಲಿಲ್ಲ ಕಣ್ರಪ್ಪ" ಅಂದಳು. ಒಳಗೆ ಯಾರೋ ಓಡಾಡಿದ ಸದ್ದು ಕೇಳಿತು. ಮಗಳೋ ಬೇರೆ ಯಾರೋ, ನಾನು ಮುಖ ಕಂಡವನಲ್ಲ. ಇಂಥ ಹೊತ್ತಿಗೆ ನಮ್ಮಲ್ಲೊಂದು ಪದ್ಧತಿ ಇದೆ. ಕೇಸು ಹಾಕಿದವರನ್ನೇ ಜೊತೆಗೆ ಕರೆದುಕೊಂಡು ಹೋಗಬೇಕು. ಇಂಥವರೇ ಆ ಮನುಷ್ಯ ಅಂತ ಅವರು ಎಲ್ಲರೆದುರು ಗುರುತು ಹಿಡಿದು ಹೇಳಬೇಕು. ಹೊಲಮನೆಯ ಕೇಸಿನಲ್ಲಿ ಇದೇನೂ ಕಷ್ಟವಲ್ಲ. ಗಂಡ ಹೆಂಡಿರ ಕೇಸಿನಲ್ಲಿ ಹಾಗೆ ಕರೆದೊಯ್ದದ್ದು ನನಗೆ ಅದೇ ಮೊದಲು.

ಅವನು ಕೆ.ಆರ್. ನಗರದ ಬಸ್‌ಸ್ಟ್ಯಾಂಡಿಗೆ ಬೆಳಿಗ್ಗೆಯೇ ಬಂದು ನಿಂತಿದ್ದ. ಹಣೆ ತುಂಬ ವಿಭೂತಿ, ಬಿಳಿ ಶರ್ಟು, ಮೂವತ್ತು ದಾಟಿದ ವಯಸ್ಸು. ಸಾಲಿಗ್ರಾಮದ ಬಸ್ಸು ಇನ್ನೇನು ಹೊರಡಬೇಕು, "ಒಸಿ ತಡೀರಿ ಸಾ" ಅಂತ ಇಳಿದು ಓಡಿದ. ವಾಪಸ್ಸು ಬರುವಾಗ ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದರಲ್ಲಿ ಮೈಸೂರು ಪಾಕಿನ ಪೊಟ್ಟಣ, ಅದರ ಮೇಲೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಹೂವು.

"ಇದೇನಪ್ಪಾ ಇದು?" ಅಂದೆ.

"ಅತ್ತೆ ಮನೆಗೆ ಬರಿಗೈಲಿ ಎಂಗೆ ಓಗದು ಸಾ?" ಅಂದ.

ಹಾಗಂದ ಮೇಲೆ ತಾನು ಹೊರಟಿರುವುದು ಯಾತಕ್ಕೆ ಅನ್ನುವುದು ಅವನಿಗೇ ನೆನಪಾಯಿತು. ಮುಖ ಸಣ್ಣದು ಮಾಡಿಕೊಂಡು ಕೂತ. ಬಸ್ಸು ಹೊರಟಿತ್ತು, ಕೊಂಡದ್ದನ್ನು ಅಂಗಡಿಗೆ ಹಿಂದಿರುಗಿಸಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನೀವೇ ಇಟ್ಕಳಿ ಸಾ, ನಿಮ್ಮನೆಗೆ ಆಯ್ತದೆ" ಅಂತ ನನ್ನ ಕಡೆ ನೂಕಿದ. "ಕೋರ್ಟಿನವನ ಕೈಲಿ ಪಾರ್ಟಿ ಕೊಟ್ಟ ಮಲ್ಲಿಗೆ ಹೂವು ಕಂಡ್ರೆ ನನ್ನ ಕೆಲಸ ಹೋಗುತ್ತೆ, ನೀನೇ ಹಿಡ್ಕೊ ಮಾರಾಯ" ಅಂದೆ. ದಾರಿಯುದ್ದಕ್ಕೂ ಹೂವಿನ ವಾಸನೆ ಬಸ್ಸಿಗೆಲ್ಲ ಹರಡಿ, ಮುಂದಿನ ಸೀಟಿನ ಹೆಂಗಸರು ತಿರುಗಿ ತಿರುಗಿ ನೋಡುತ್ತಿದ್ದರು.

ಕತೆ ಕೇಳಬೇಡ ಅಂತ ಪುಟ್ಟಸ್ವಾಮಯ್ಯನವರು ಹೇಳಿದ್ದು ನಿಜ. ಆದರೆ ಪಕ್ಕದ ಸೀಟಿನಲ್ಲಿ ಕೂತವನು ತಾನಾಗಿ ಹೇಳತೊಡಗಿದರೆ ಕಿವಿ ಮುಚ್ಚಿಕೊಳ್ಳುವುದು ಹೇಗೆ? ಸವಿತಾ ಸ್ಕೂಟರ್ ಕಲಿತಿದ್ದಳು. ಲೈಸೆನ್ಸೂ ಮಾಡಿಸಿಕೊಂಡಳು. ಅದನ್ನು ನೋಡಿ ಪಕ್ಕದ ಮನೆಯ ಹೆಂಗಸೊಬ್ಬಳು ತನಗೂ ಕಲಿಸು ಅಂದಳು. ಅವಳಾದ ಮೇಲೆ ಅಂಗನವಾಡಿ ಟೀಚರ್, ಆಮೇಲೆ ಆಶಾ ಕಾರ್ಯಕರ್ತೆ. ಹೀಗೆ ಹ್ಯಾಂಡ್‌ಪೋಸ್ಟಿನ ಬಯಲಲ್ಲಿ ದಿನಾ ಸಾಯಂಕಾಲ ಸವಿತಾಳ ಸ್ಕೂಟರ್ ಪಾಠ ನಡೆಯಿತು. ಗಂಡಸರು ಮಾಸ್ತರರಾದರೆ ಕೈಹಿಡಿದು ಕಲಿಯಲು ಸಂಕೋಚ, ಹೆಂಗಸಾದರೆ ಧೈರ್ಯವಾಗಿ ಕೇಳಬಹುದು ಅಂತ ದೂರದ ಹಳ್ಳಿಗಳಿಂದಲೂ ಬರತೊಡಗಿದರು.

"ಟೀ ಅಂಗ್ಡೀಲಿ ಕುಂತ್ರೆ ಎಲ್ಲಾ ಆಡ್ಕಳೋರು ಸಾ. ಏನ್ಲಾ ಮಾದೇವ, ನಿನ್ನೆಂಡ್ತಿ ಊರ ಎಂಗಸ್ರನೆಲ್ಲ ರೋಡಿಗೆ ಇಳಿಸ್ತಾವ್ಳಲ್ಲ, ನೀನು ಮನೇಲಿ ಮುದ್ದೆ ತಿರುವ್ತೀಯಾ ಅನ್ನೋರು. ನಮ್ಮವ್ವನೂ ಅಂಗೇ. ಸೊಸೆ ಬಯಲಾಗೆ ಓಡಾಡ್ತಾಳೆ, ಮರ್ವಾದೆ ಓಯ್ತು ಅಂತ ದಿನಾ ರಾಗ. ಒಂದಿನ ತಲೆ ಕೆಟ್ಟು ಗಾಡಿ ಕೀ ಬಚ್ಚಿಟ್ಬುಟ್ಟೆ. ಇವಳು ಸೀದಾ ಬಟ್ಟೆ ತಕಂಡು ಬಸ್ ಅತ್ತುದ್ಲು."

"ಆಮೇಲೆ ಹೋಗಿ ಕರೀಲಿಲ್ವಾ?" ಅಂದೆ.

"ಅವಳೇ ಬತ್ತಾಳೆ ಅಂದ್ಕಂಡೆ. ಬರ್ಲಿಲ್ಲ. ಆಮೇಲೆ ಯಾರೋ ವಕೀಲ್ರತ್ರ ಕರ್ಕಂಡೋದ್ರು" ಎಂದು ಕಿಟಕಿಯ ಕಡೆ ತಿರುಗಿದ. ಒಂದು ಸ್ಕೂಟರ್ ಕೀಲಿಯಿಂದ ಒಂದು ಸಂಸಾರ ಕೋರ್ಟಿನವರೆಗೆ ಬಂದಿತ್ತು. ಅವನಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿತ್ತು, ದಾರಿ ಗೊತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಸಾಲಿಗ್ರಾಮದಲ್ಲಿ ಮನೆ ಮುಂದೆ ನಿಂತಾಗ ಗೌರಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿದವಳಿಗೆ ಮೊದಲು ಕಂಡದ್ದು ಅಳಿಯ, ಹಿಂದೆ ಇದ್ದ ನಾನಲ್ಲ. ದಡಬಡ ಎದ್ದು ಸೆರಗು ಸರಿಮಾಡಿಕೊಂಡು, ಚೊಂಬಿನಲ್ಲಿ ನೀರು ತಂದು, "ಬನ್ನಿ ಅಳಿಯಂದ್ರೆ, ಕಾಲ್ ತೊಳ್ಕಳಿ. ಚೆಂದಾಗಿದ್ದೀರಾ? ನಿಮ್ಮವ್ವಾರು ಚೆಂದಾಗವ್ರಾ?" ಅಂದಳು. ಅವನೂ ಅಭ್ಯಾಸದ ಮೇಲೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹಣ್ಣು, ಪೊಟ್ಟಣ, ಹೂವು ಅವಳ ಕೈಗಿತ್ತ. ಆಗ ಅವಳು ನನ್ನನ್ನು ಕಂಡಳು, ನನ್ನ ಕಂಕುಳಿನ ಚೀಲವನ್ನೂ ಕಂಡಳು.

ಕಾಲು ತೊಳೆದುಕೊಂಡ ಅಳಿಯನನ್ನು ಬಾಗಿಲಿಂದ ವಾಪಸ್ಸು ಕಳಿಸುವುದು ಆ ಹೆಂಗಸಿಗೆ ಗೊತ್ತಿರಲಿಲ್ಲ. ಕಾಲು ತೊಳೆದುಕೊಂಡ ಮೇಲೆ ಹೊರಗೇ ನಿಲ್ಲುವುದು ಇವನಿಗೂ ಗೊತ್ತಿರಲಿಲ್ಲ. ಕೊನೆಗೆ ಅವಳು, "ಸವಿತಾ ಬಯಲತ್ರ ಓಗವ್ಳೆ, ಇನ್ನೇನ್ ಬತ್ತಾಳೆ. ಕುಂತ್ಕಳಿ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಶ್ಯಾವಿಗೆ ಒತ್ತುವ ಒರಳಿನ ಕಿರ್ ಕಿರ್ ಸದ್ದು ಶುರುವಾಯಿತು. ಅಳಿಯ ಬಂದರೆ ಒತ್ತು ಶ್ಯಾವಿಗೆ, ಕಾಯಿಹಾಲು. ವಿಚ್ಛೇದನದ ಕಾಗದ ತಂದಿದ್ದರೂ ಅಳಿಯ ಅಳಿಯನೇ.

ಸವಿತಾ ಸ್ಕೂಟರಿನಲ್ಲೇ ಬಂದಳು. ಹಿಂದೆ ಯಾರೋ ಕಲಿಯುವ ಹೆಂಗಸು ಕೂತಿದ್ದಳು, ಗಾಡಿ ಅವಳದೇ ಇರಬೇಕು. ಸಾಲಿಗ್ರಾಮದಲ್ಲೂ ಪಾಠ ಶುರುವಾಗಿತ್ತು ಅಂತ ಕಾಣುತ್ತದೆ. ಗಂಡನನ್ನು ನೋಡಿ ಗಾಡಿ ನಿಲ್ಲಿಸಿದಳು, ಇಳಿಯಲಿಲ್ಲ. ನಾನು ಎದ್ದು ನಿಂತು ಕಾಗದದಲ್ಲಿದ್ದುದನ್ನು ಓದಿದೆ. "ಸವಿತಾ ಕೋಂ ಮಹದೇವಸ್ವಾಮಿ, ಅಂದರೆ ಮಹದೇವಸ್ವಾಮಿಯವರ ಹೆಂಡತಿ ಸವಿತಾ, ನೀವೇನಾ ತಾಯಿ?"

"ಅವ್ರನ್ನೇ ಕೇಳಿ. ಅದಕ್ಕೇ ತಾನೆ ಕರ್ಕಬಂದಿರದು?" ಅಂದಳು.

ಅದು ಸರಿಯಾದ ಮಾತೇ. ಪಕ್ಕದ ಮನೆಯ ಹಿರಿಯರೊಬ್ಬರನ್ನು ಸಾಕ್ಷಿಗೆ ಕರೆದೆ. ಮಾದೇವನ ಕಡೆ ತಿರುಗಿ, "ಇವರು ಯಾರು ಅಂತ ಗುರುತು ಹೇಳಿ" ಅಂದೆ.

ಅವನು ತಲೆ ತಗ್ಗಿಸಿ ಏನೋ ಅಂದ. ಸಾಕ್ಷಿಗೆ ಬಂದವರಿಗೆ ಕಿವಿ ಮಂದ. "ಏನಂತೆ?" ಅಂದರು. "ಜೋರಾಗಿ ಹೇಳಪ್ಪ, ಅವರಿಗೂ ಕೇಳಿಸಬೇಕು" ಅಂದೆ.

"ನನ್ನೆಂಡ್ತಿ" ಅಂದ. ಈ ಸಲ ಗಟ್ಟಿಯಾಗಿ. ಒಳಗೆ ಶ್ಯಾವಿಗೆ ಒರಳಿನ ಸದ್ದು ನಿಂತಿತು. ಅವನ ಕಣ್ಣಲ್ಲಿ ನೀರು ತುಂಬಿತ್ತು. ಎಷ್ಟೋ ಜನರನ್ನು ಗುರುತು ಹಿಡಿಸಿದ್ದೇನೆ, ಗುರುತು ಹಿಡಿದವನೇ ಅತ್ತದ್ದನ್ನು ಅವತ್ತೇ ಕಂಡದ್ದು.

ಸವಿತಾ ಇಳಿದು ಬಂದು ಕಾಗದ ತೆಗೆದುಕೊಂಡಳು. ಸುಮ್ಮನೆ ರುಜು ಹಾಕುವ ಹೆಣ್ಣಲ್ಲ, ಜಗುಲಿಯ ಮೇಲೆ ಕೂತು, ಜೊತೆಗಿದ್ದ ಗಂಡನ ಅರ್ಜಿಯ ನಕಲನ್ನೂ ಪೂರ್ತಿ ಓದಿದಳು. "ಮನೆಗೆಲಸ ಮಾಡ್ತಿರಲಿಲ್ಲ ಅಂತ ಬರ್ಸಿದೀರಾ?" ಅಂದಳು.

"ವಕೀಲ್ರು ಬರ್ದ್ರು" ಅಂದ.

"ಕೆಳಗೆ ರುಜು ಯಾರ್ದು?"

ಅವಳು ನನ್ನಿಂದ ಪೆನ್ನು ಇಸಿದುಕೊಂಡು ರುಜು ಹಾಕಿ, "ಕೋರ್ಟಿಗೆ ಬತ್ತೀನಿ. ಏಳೋದಿರೋದ್ನ ಅಲ್ಲೇ ಏಳ್ತೀನಿ. ಈಗ ಏಳಿ ಊಟಕ್ಕೆ, ಅವ್ವ ಶ್ಯಾವಿಗೆ ಮಾಡವ್ಳೆ" ಅಂದಳು. ಗಂಡ ತಂದಿದ್ದ ಹೂವಿನ ಎಲೆ ಬಿಚ್ಚಿದಳು. ಮುಡಿಯಲಿಲ್ಲ. ಆದರೆ ಬಾಡದ ಹಾಗೆ ನೀರು ಚಿಮುಕಿಸಿ ಎಲೆ ಮುಚ್ಚಿಟ್ಟಳು. ನಾನು ಹೊರಡಲು ಎದ್ದೆ. ಗೌರಮ್ಮ ಬಾಗಿಲಿಗೆ ಬಂದು, "ಕಾಗದ ಕೊಟ್ಟಾಯ್ತಲ್ಲ ಅಮೀನ್ರೇ, ನಿಮ್ ಕೆಲ್ಸ ಮುಗೀತು. ಇನ್ನು ನೀವೂ ಮನೆಗೆ ಬಂದೋರು, ಉಂಡ್ಕಂಡು ಓಗಿ" ಅಂದಳು. ಉಂಡೆ. ನಾಜರ್ ಪುಟ್ಟಸ್ವಾಮಯ್ಯನವರು ಅಲ್ಲಿದ್ದಿದ್ದರೆ ಅವರೂ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ.

ಕಚೇರಿಗೆ ಬಂದು ಖುದ್ದು ಜಾರಿಯಾಯಿತು ಅಂತ ಷರಾ ಬರೆದೆ. ನಮ್ಮ ಕೆಲಸದಲ್ಲಿ ನನಗೆ ಬೇಜಾರಿದ್ದುದು ಇದೊಂದೇ ವಿಷಯಕ್ಕೆ. ಕಾಗದ ಕೊಟ್ಟ ಮೇಲೆ ಆ ಮನೆಯವರು ಏನಾದರು ಅಂತ ನಮಗೆ ತಿಳಿಯುವುದಿಲ್ಲ. ಇವರ ಕೇಸನ್ನು ಸಾಹೇಬರು ಮಧ್ಯಸ್ಥಿಕೆಗೆ ಕಳಿಸಿದ್ದಾರೆ, ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸುತ್ತಿದ್ದಾರೆ ಅಂತ ಕೇಸು ನಡೆಯುತ್ತಿದ್ದ ಕೋರ್ಟಿನ ಗುಮಾಸ್ತರೊಬ್ಬರು ಆಮೇಲೆ ಹೇಳಿದರು. ಸವಿತಾಳದ್ದು ಒಂದೇ ಹಟವಂತೆ. ಕೀ ತನ್ನ ಹತ್ತಿರವೇ ಇರಬೇಕು, ಪಾಠ ನಿಲ್ಲಬಾರದು. ಮಾದೇವ ಒಪ್ಪಿದರೂ ಅವನ ತಾಯಿ ಪುಟ್ಟಮ್ಮಣ್ಣಿ, ಹಾಗಾದರೆ ಸೊಸೆ ನಮ್ಮ ಹೊಸಲು ತುಳಿಯುವುದು ಬೇಡ ಎಂದು ಕೂತಿದ್ದಾಳಂತೆ. ಅಷ್ಟರಲ್ಲಿ ನನ್ನ ನಿವೃತ್ತಿ ಬಂತು. ಹಾರ ಹಾಕಿ ಕಳಿಸಿದರು. ಮನೆಯಲ್ಲಿ ಕೂತಾಗಲೆಲ್ಲ ಆ ಇಬ್ಬರು ಏನಾದರೋ ಅನ್ನುವುದು ಕೊರೆಯುತ್ತಿತ್ತು.

ಈಗ ಸಮನ್ಸ್ ವಾಟ್ಸಾಪಿನಲ್ಲೂ ಹೋಗುತ್ತದಂತೆ. ಎರಡು ನೀಲಿ ಗೆರೆ ಬಿದ್ದರೆ ನೋಡಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಬಾಗಿಲ ಮುಂದೆ ನಿಂತು ಫೋಟೋ ತೆಗೆದರೆ ಯಾವ ಜಾಗ, ಎಷ್ಟು ಹೊತ್ತು ಅಂತ ಅದರಲ್ಲೇ ಬರುತ್ತದೆ. ಒಳ್ಳೆಯದೇ. ನಾವು ಸುಮ್ಮನೆ ಅರಳಿಕಟ್ಟೆಯಲ್ಲಿ ಕೂತು ಬಂದು ಮನೆ ಬೀಗ ಹಾಕಿತ್ತು ಎಂದು ಬರೆಯುವ ಕಾಲ ಮುಗಿಯಿತು, ಜನರ ಕೇಸು ಬೇಗ ನಡೆಯುತ್ತದೆ. ನಾನು ಫೋನನ್ನು ಬೈಯುವ ಮುದುಕನಲ್ಲ. ಆದರೆ ಟೀ ಅಂಗಡಿಯಲ್ಲಿ ನನ್ನನ್ನು ಕೇಳಿದ ತಾಯಿ, ಗಂಡ ಹೆಂಡಿರ ಕಾಗದವಾದರೆ, ಸಾಧ್ಯವಾದಾಗ ನೀನೇ ಹೋಗು. ಎದುರು ಮನುಷ್ಯನ ಮುಖ ಇದ್ದಾಗ ಜನ ಬೇರೆ ಥರ ಮಾತಾಡುತ್ತಾರೆ. ಕಾಗದದಲ್ಲಿ ಬರೆಸಿದ್ದನ್ನು ಅದೇ ಗಂಡ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಲಾರ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಹೋದ ತಿಂಗಳು ನೆಂಟರ ಗೃಹಪ್ರವೇಶಕ್ಕೆಂದು ಹ್ಯಾಂಡ್‌ಪೋಸ್ಟಿಗೆ ಹೋಗಿದ್ದೆ. ಊಟ ಮುಗಿಸಿ ಸಾಯಂಕಾಲದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಪಕ್ಕದ ಬಯಲಿನಿಂದ ಹೆಂಗಸರ ನಗು ಕೇಳಿತು. ಹೋಗಿ ನೋಡಿದೆ. ಹುಡುಗಿಯರು, ಹೆಂಗಸರು ಸಾಲಾಗಿ ನಿಂತಿದ್ದರು. ಅವರ ಮುಂದೆ ಸವಿತಾ. ಸ್ಕೂಟರಿನ ಮೇಲೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ವಿಭೂತಿ ಹಚ್ಚಿದ ದಪ್ಪನೆಯ ಹೆಂಗಸೊಬ್ಬಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಗಾಡಿಯ ಹಿಂದಿನ ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಓಡುತ್ತಿದ್ದವನು ಮಾದೇವ. ಅವನು ನನ್ನನ್ನು ಕಂಡ, ಗುರುತೂ ಹಿಡಿದ.

"ನಮ್ಮವ್ವ ಸಾ" ಅಂದ ಓಡುತ್ತಲೇ. "ಕೇಸ್ ವಾಪಸ್ ತಕಂಡೆ, ಈಗ ಸೊಸೆ ಗಾಡಿ ಇಂದೆ ಕುಂತು ಕುಂತು ಇವ್ಳಿಗೂ ಆಸೆ ಬಂದದೆ. ಸಂಘದ ಮೀಟಿಂಗಿಗೆ ಓಗ್ಬೇಕು, ದಿನಾ ನಿನ್ ಕಾಯಕ್ಕಾಗಲ್ಲ, ನನಗೂ ಕಲ್ಸಿ ಅಂತ ಒಂದೇ ಅಟ."

"ಬುಡ್ಬೇಡ ಕಣ್ಲಾ ಮಾದೇವ, ಬುಟ್ರೆ ಬಿದ್ದೋಯ್ತೀನಿ" ಅಂದಳು ಪುಟ್ಟಮ್ಮಣ್ಣಿ.

"ಅತ್ತೆ, ನೆಲ ನೋಡ್ಬೇಡಿ, ದೂರ ನೋಡಿ" ಎಂದು ಸವಿತಾ ಕೂಗಿದಳು. ಆಮೇಲೆ ಗಂಡನಿಗೆ ಕೈಸನ್ನೆ ಮಾಡಿ, ಮೆಲ್ಲಗೆ, "ಬುಟ್ಬುಡ್ರೀ" ಅಂದಳು.

ಅವನು ಕೈ ಬಿಟ್ಟು ನಿಂತ. ಗಾಡಿ ಸ್ವಲ್ಪ ಓಲಾಡಿತು, ನೆಟ್ಟಗಾಯಿತು, ಬಯಲಿನ ಆ ತುದಿಯ ಕಡೆ ಹೊರಟಿತು. "ಇಡ್ಕಂಡಿದ್ದೀಯೇನ್ಲಾ?" ಎಂದು ಪುಟ್ಟಮ್ಮಣ್ಣಿ ಹಿಂತಿರುಗದೆ ಕೇಳಿದಳು. ಮಾದೇವ ನನ್ನ ಪಕ್ಕದಲ್ಲಿ ನಿಂತು, ಮುಖದ ಬೆವರು ಒರೆಸಿಕೊಳ್ಳುತ್ತಾ ಕೂಗಿ ಹೇಳಿದ. "ಇಡ್ಕಂಡಿವ್ನಿ ಕಣವ್ವ, ನೀನ್ ನಡಿ."